ಇವತ್ತಿಗೆ ಇಷ್ಟು ಸಾಕು

ಚಪ್ಪಲಿ ಬಿಟ್ಟು ಮಹಡಿ ಮೆಟ್ಟಿಲು ಹತ್ತುವಾಗಲೇ ಆ ಸದ್ದು ಕಿವಿಗೆ ಬೀಳುತ್ತದೆ. ಮಾತಲ್ಲ, ಮಂತ್ರವೂ ಅಲ್ಲ. ಹದಿನೈದಿಪ್ಪತ್ತು ಜನ ಮೂಗಿನಲ್ಲಿ ಉದ್ದುದ್ದ ಉಸಿರೆಳೆದು ಬಿಡುತ್ತಿರುವ ಸದ್ದು. ಮೈಸೂರಿನ ಗೋಕುಲಂನಲ್ಲಿ ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದಿದ್ದರಿಂದ ನೀವು ಕಾಫಿ ಕೂಡ ಕುಡಿದಿಲ್ಲ. ಈ ಊರಿನಲ್ಲಿ ಅದು ಸಣ್ಣ ತ್ಯಾಗವಲ್ಲ.

ಬಾಗಿಲು ತಳ್ಳಿದರೆ ಮುಖಕ್ಕೆ ಬೆಚ್ಚನೆಯ ಗಾಳಿ. ಕಿಟಕಿ ಮುಚ್ಚಿದೆ, ಫ್ಯಾನ್ ನಿಂತಿದೆ. ಮೈ ಬೆವರಲಿ ಎಂದೇ ಹೀಗೆ. ಮೇಷ್ಟ್ರು ಮುಂದೆ ನಿಂತು ಮಾಡಿ ತೋರಿಸುತ್ತಾರೆ, ಎಲ್ಲರೂ ನೋಡಿ ಮಾಡುತ್ತಾರೆ ಎಂದುಕೊಂಡು ಬಂದವರು ನೀವು. ಇಲ್ಲಿ ಒಬ್ಬೊಬ್ಬರದು ಒಂದೊಂದು. ಗೋಡೆ ಪಕ್ಕ ಒಬ್ಬಾಕೆ ಶೀರ್ಷಾಸನದಲ್ಲಿ ನಿಂತಿದ್ದಾಳೆ. ಅವಳ ಮಗ್ಗುಲಲ್ಲಿ ವಿದೇಶಿ ಹುಡುಗನೊಬ್ಬ ಕಾಲನ್ನು ಕುತ್ತಿಗೆ ಹಿಂದೆ ಸಿಕ್ಕಿಸುತ್ತಿದ್ದಾನೆ. ಅರವತ್ತು ದಾಟಿದ ಹೆಂಗಸೊಬ್ಬರು ಯಾರ ಗೊಡವೆಯೂ ಇಲ್ಲದೆ ಪಶ್ಚಿಮೋತ್ತಾನಾಸನದಲ್ಲಿ ಮಡಚಿಕೊಂಡಿದ್ದಾರೆ. ಮೇಷ್ಟ್ರು ಮ್ಯಾಟುಗಳ ನಡುವೆ ಓಡಾಡುತ್ತಾ ಒಬ್ಬರ ಭುಜ ತಿದ್ದಿ, ಇನ್ನೊಬ್ಬರ ಹತ್ತಿರ ಸುಮ್ಮನೆ ನಿಂತು ಮುಂದೆ ಹೋಗುತ್ತಾರೆ. ಜಗತ್ತು ‘ಮೈಸೂರು ಸ್ಟೈಲ್’ ಎಂದು ಕರೆಯುವುದು ಇದನ್ನೇ. ಈ ಪದ್ಧತಿಯ ಗುರು ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನ ಮನೆಯಲ್ಲಿ ಹೇಳಿಕೊಡುತ್ತಿದ್ದಾಗ ಆ ಪುಟ್ಟ ಕೋಣೆಯಲ್ಲಿ ಒಂದು ಸಲಕ್ಕೆ ಹನ್ನೆರಡು ಜನಕ್ಕಷ್ಟೇ ಜಾಗ. ಹೊರಗೆ ಕಾದವರು ಒಬ್ಬರು ಎದ್ದ ಹಾಗೆ ಒಬ್ಬರು ಒಳಗೆ ಬರುತ್ತಿದ್ದರು. ಅವರ ಶಾಲೆ 2002ರಲ್ಲಿ ಗೋಕುಲಂಗೆ ಬಂದ ಮೇಲೆ ಬಡಾವಣೆಯೇ ಬದಲಾಯಿತು.

ಹಿಂದಿನ ಸಾಲಿನ ಮೂಲೆಯಲ್ಲಿ ನಿಮ್ಮ ಮ್ಯಾಟ್. ಅದರ ಮೇಲೆ ಯಾರೋ ಕೊಟ್ಟ ಹತ್ತಿಯ ಜಮಖಾನ. ಅದೇಕೆಂದು ಸ್ವಲ್ಪ ಹೊತ್ತಿಗೆ ಅಂಗೈ ಬೆವರಿ ಜಾರತೊಡಗಿದಾಗ ತಿಳಿಯುತ್ತದೆ.

“ಎಲ್ಲಾದ್ರೂ ನೋವಿದೆಯಾ? ಆಪರೇಷನ್? ಬಿಪಿ?” ಇಲ್ಲ ಎನ್ನುತ್ತೀರಿ. “ನೆಟ್ಟಗೆ ನಿಂತ್ಕೊಳ್ಳಿ. ಇದು ಸಮಸ್ಥಿತಿ.” ನಿಂತಿದ್ದೀರಿ. “ನಿಂತಿಲ್ಲ. ಎಲ್ಲಾ ಭಾರ ಬಲಗಾಲ ಮೇಲೇ ಇದೆ.” ಹೌದಲ್ಲ! ಇಷ್ಟು ವರ್ಷ ಬಸ್‌ಸ್ಟ್ಯಾಂಡಿನಲ್ಲಿ, ರೇಷನ್ ಕ್ಯೂನಲ್ಲಿ ಹೀಗೇ ಒಂದೇ ಕಾಲಿನ ಮೇಲೆ ನಿಂತಿದ್ದಿರೇನೋ.

“ಏಕಂ. ಉಸಿರು ತಗೊಳ್ತಾ ಕೈ ಮೇಲೆ. ದ್ವೇ. ಬಿಡ್ತಾ ಬಗ್ಗಿ.”

ಬಗ್ಗುತ್ತೀರಿ. ಬೆರಳು ಮಂಡಿಯಿಂದ ಗೇಣು ಕೆಳಗಿಳಿದು ಅಲ್ಲಿಗೇ ನಿಲ್ಲುತ್ತದೆ. ತೊಡೆಯ ಹಿಂದೆ ಹಗ್ಗ ಬಿಗಿದಂತೆ ಸೆಳೆತ. “ಮಂಡಿ ಮಡಚಿ, ಪರವಾಗಿಲ್ಲ.” ಮೋಸ ಮಾಡಿದಂತಾಗುತ್ತದೆ, ಆದರೆ ಮಡಚಿದೊಡನೆ ಹೊಟ್ಟೆ ತೊಡೆಗೆ ತಾಗಿ ಸೊಂಟ ಹಗುರಾಗುತ್ತದೆ. ತೊಡೆಯ ಹಿಂದಿನ ಸ್ನಾಯುಗಳ ಮೇಲ್ತುದಿ ಇರುವುದು ನಾವು ಕೂರುವ ಮೂಳೆಯಲ್ಲಿ. ಅವು ಬಿಗಿಯಾಗಿದ್ದರೆ ಸೊಂಟ ತಿರುಗಲಾರದು, ಬಗ್ಗುವ ಕೆಲಸವೆಲ್ಲ ಪಾಪದ ಬೆನ್ನಿನ ಪಾಲಿಗೆ. ನಾಚಿಕೆ ಬೇಡ. ಬೆಳ್ಳೂರಿನ ಹುಡುಗ ಸುಂದರರಾಜ, ಮುಂದೆ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಆದವರು, 1930ರ ದಶಕದಲ್ಲಿ ಇದೇ ಊರಿನಲ್ಲಿದ್ದ ಅಕ್ಕ–ಭಾವನ ಮನೆಗೆ ಬಂದಾಗ ಮಲೇರಿಯಾ, ಟೈಫಾಯ್ಡ್, ಕ್ಷಯದಲ್ಲಿ ನವೆದು ಮೈಯೆಲ್ಲ ಮರಗಟ್ಟಿದ್ದವರು. ಭಾವ ಎಂದರೆ ತಿರುಮಲೈ ಕೃಷ್ಣಮಾಚಾರ್ಯರು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಲು ಶುರುಮಾಡಿದವರು, ಮರುವರ್ಷ ಕನ್ನಡದಲ್ಲೇ ‘ಯೋಗ ಮಕರಂದ’ ಬರೆದವರು.

“ತ್ರೀಣಿ. ತಲೆ ಎತ್ತಿ. ಚತ್ವಾರಿ. ಕಾಲು ಹಿಂದಕ್ಕೆ, ಮೈ ಇಳಿಸಿ.” ಮೈ ಇಳಿಯುವುದಿಲ್ಲ, ಬೀಳುತ್ತದೆ. “ಮಂಡಿ ಊರಿ ಇಳೀರಿ, ಸಾಕು. ಪಂಚ. ಎದೆ ಮೇಲೆ. ಷಟ್. ಸೊಂಟ ಎತ್ತಿ.”

ಇದು ಅಧೋಮುಖ ಶ್ವಾನಾಸನ. ಚಿತ್ರದಲ್ಲಿ ನೋಡಿದರೆ ವಿಶ್ರಾಂತಿಯ ಭಂಗಿಯಂತೆ ಕಾಣುತ್ತದೆ. ಸುಳ್ಳು. ಮಣಿಕಟ್ಟು ಉರಿಯುತ್ತದೆ, ಹಿಮ್ಮಡಿ ನೆಲ ಬಿಟ್ಟು ಎಷ್ಟೋ ಮೇಲಿದೆ, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿ ಜಮಖಾನದಲ್ಲಿ ಇಂಗುತ್ತದೆ. ಇಲ್ಲಿ ಐದು ಉಸಿರು ನಿಲ್ಲಬೇಕು. ದೃಷ್ಟಿ ಹೊಕ್ಕುಳ ಕಡೆ ಇರಬೇಕು, ನಿಮಗೆ ಕಾಣುವುದು ಜಾರಿದ ಟೀ ಶರ್ಟು ಮತ್ತು ಅದರಡಿಯ ಹೊಟ್ಟೆ.

“ಉಸಿರು ಎಲ್ಲಿ?”

ಉಸಿರು ಹಿಡಿದುಕೊಂಡಿದ್ದೀರಿ, ಯಾವಾಗಿನಿಂದಲೋ. “ಕನ್ನಡಕ ಒರೆಸೋಕೆ ಹಾ ಅಂತ ಊದ್ತೀರಲ್ಲ, ಬಾಯಿ ಮುಚ್ಕೊಂಡು ಹಾಗೆ ಬಿಡಿ.” ಬಿಡುತ್ತೀರಿ. ಮೆಟ್ಟಿಲಲ್ಲಿ ಕೇಳಿದ ಸದ್ದು ನಿಮ್ಮ ಗಂಟಲಲ್ಲೇ ಸಣ್ಣಗೆ ಹುಟ್ಟುತ್ತದೆ. “ಬೆನ್ನು ಮುಟ್ಟಲಾ?” ಎಂದು ಕೇಳಿ, ನೀವು ಹೂಂ ಎಂದ ಮೇಲೆಯೇ ಮೇಷ್ಟ್ರು ಅಂಗೈಯಿಡುತ್ತಾರೆ. ಹೀಗೆ ಕೇಳುವ ರೂಢಿ ಸುಮ್ಮನೆ ಬಂದದ್ದಲ್ಲ. ಜೋಯಿಸರು ಅನುಚಿತವಾಗಿ ಮುಟ್ಟುತ್ತಿದ್ದರೆಂದು ಹಲವು ಶಿಷ್ಯೆಯರು ಬಹಿರಂಗವಾಗಿ ಹೇಳಿದ ಮೇಲೆ ಅನೇಕ ಶಾಲೆಗಳು ಎಚ್ಚೆತ್ತವು. ಪರಂಪರೆಯ ಹೆಮ್ಮೆ ಹೇಳುವವರು ಇದನ್ನೂ ಹೇಳಬೇಕು.

ಸಪ್ತ, ಅಷ್ಟೌ, ನವ. ಮತ್ತೆ ಸಮಸ್ಥಿತಿ. ಇಷ್ಟಾದರೆ ಒಂದು ಸೂರ್ಯನಮಸ್ಕಾರ.

ಎರಡನೆಯದರಲ್ಲಿ ಎಣಿಕೆ ತಪ್ಪುತ್ತದೆ. ಮೂರನೆಯದರಲ್ಲಿ ಉಸಿರು ಒಂದು ಕಡೆ, ಕೈಕಾಲು ಇನ್ನೊಂದು ಕಡೆ. ಐದನೆಯದರಲ್ಲಿ ಮಾತ್ರ, ಏಕಂ ಮತ್ತು ದ್ವೇ ನಡುವೆ, ಬಗ್ಗಬೇಕೆಂದು ನೀವು ನೆನೆಸುವ ಮೊದಲೇ ಹೊರಹೋಗುವ ಉಸಿರಿನ ಜೊತೆ ಬೆನ್ನು ತಾನಾಗಿ ಇಳಿದಿರುತ್ತದೆ. ಇದನ್ನೇ ಇನ್ನೊಮ್ಮೆ ಮಾಡೋಣ ಎನ್ನುವಷ್ಟರಲ್ಲಿ ಮೇಷ್ಟ್ರ ದನಿ: “ಇವತ್ತಿಗೆ ಇಷ್ಟು ಸಾಕು. ಮಲಗಿ.”

ಇಷ್ಟೇನಾ? ತಿಂಗಳ ಫೀಸು ಕಟ್ಟಿದ್ದೀರಿ. ಪಕ್ಕದವರು ಆಸನದ ಮೇಲೆ ಆಸನ ಹಾಕುತ್ತಿದ್ದಾರೆ. “ಇನ್ನೂ ಮಾಡ್ತೀನಿ ಸಾರ್.” “ಮುಂದಿನ ಸಲ ಇದನ್ನ ನೆನಪಿಟ್ಕೊಂಡು ಬನ್ನಿ. ಆಮೇಲೆ ಮುಂದಿಂದು.” ಈ ಪದ್ಧತಿಯಲ್ಲಿ ಹಿಂದಿನ ಪಾಠ ಮೈಗೆ ಹತ್ತುವವರೆಗೆ ಹೊಸದು ಸಿಗುವುದಿಲ್ಲ. ಜಿಪುಣತನವೆನಿಸಬಹುದು. ನನಗಂತೂ ಇದರಷ್ಟು ಮೆಚ್ಚುಗೆಯಾದ್ದು ಇಲ್ಲಿ ಇನ್ನೊಂದಿಲ್ಲ. ಪ್ರತಿ ಜೂನ್ 21ರಂದು ಮೈದಾನಗಳಲ್ಲಿ ಸಾವಿರಾರು ಜನ ನಲವತ್ತೈದು ನಿಮಿಷದಲ್ಲಿ ಒಂದು ರಾಶಿ ಆಸನ ಮುಗಿಸುತ್ತಾರೆ. 2022ರಲ್ಲಿ ಪ್ರಧಾನಿಯೇ ಬಂದಾಗ ಇಲ್ಲಿನ ಅರಮನೆ ಅಂಗಳದಲ್ಲೂ ಹಾಗೇ ಆಯಿತು. ಹಬ್ಬಕ್ಕೆ ಅದು ಸರಿ. ಹೊಸಬರ ಮೈಗೆ ಅಷ್ಟು ಹಿಡಿಸುವುದಿಲ್ಲ.

ಶವಾಸನದಲ್ಲಿ ಬೆನ್ನು ಪೂರ್ತಿ ನೆಲಕ್ಕೆ ತಾಗಲು ಒಂದು ನಿಮಿಷ ಬೇಕಾಗುತ್ತದೆ. ಆಮೇಲೆ ಗೊರಕೆ ಹೊಡೆಯದಿದ್ದರೆ ಸಾಕು ಎಂಬ ಹೆದರಿಕೆ.

ಕೆಳಗೆ ಬಂದಾಗ ರಸ್ತೆಬದಿಯಲ್ಲಿ ಎಳನೀರಿನವನು ಕತ್ತಿ ಆಡಿಸುತ್ತಿದ್ದಾನೆ. ಒಳಗೆ ನೋಡಿದ ಆ ಹಿರಿಯರೂ ಅಲ್ಲೇ ಇದ್ದಾರೆ.

“ಮೊದಲನೇ ದಿನಾನಾ? ನಾಳೆ ಬಂದುಬಿಟ್ಟೀರ, ಅಮಾವಾಸ್ಯೆ, ಬಾಗಿಲು ಹಾಕಿರುತ್ತೆ.” ಹುಣ್ಣಿಮೆ, ಅಮಾವಾಸ್ಯೆಗೆ ಇಲ್ಲಿ ರಜ. ನಿಮ್ಮ ಮುಖ ಅರಳಿದ್ದು ಅವರಿಗೆ ಕಂಡಿರಬೇಕು. “ಖುಷಿ ಪಡಬೇಡಿ. ತೋಳು ಜಾಸ್ತಿ ನೋಯೋದು ನಾಡಿದ್ದೇ. ಶರ್ಟು ಹಾಕ್ಕೊಳ್ಳೋಕೂ ಆಗಲ್ಲ. ಆದ್ರೂ ಬನ್ನಿ” ಎಂದು ಗಂಜಿ ಕೆರೆಸಿಕೊಳ್ಳಲು ಕಾಯಿಯನ್ನು ಅವನ ಕೈಗೆ ವಾಪಸ್ ಕೊಡುತ್ತಾರೆ.