ಉಂಡ ಹೊಟ್ಟೆಯ ಗೆರೆಗಳು

ಮೆಣಸಿನ ಕೊಯ್ಲಿನ ದಿನಗಳಲ್ಲಿ, ಅಂದರೆ ಜನವರಿ ಫೆಬ್ರವರಿಯಲ್ಲಿ, ವಯನಾಡಿನ ತೋಟಗಳ ನಡುವೆ ಸುಮ್ಮನೆ ನಡೆದು ಬಂದರೂ ಸಾಕು, ಮನುಷ್ಯನ ನಡು ಎಷ್ಟು ಕೆಲಸ ಮಾಡುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆ. ಒಂಟಿ ಬಿದಿರಿನ ಏಣಿ. ಗೆಣ್ಣಿನ ಹತ್ತಿರ ಹೆಬ್ಬೆರಳು ಊರುವಷ್ಟೇ ಜಾಗ. ಅದನ್ನು ಸಿಲ್ವರ್ ಓಕ್ ಮರಕ್ಕೆ ಆನಿಸಿ, ಸೊಂಟಕ್ಕೆ ಚೀಲ ಕಟ್ಟಿ ಮೇಲೇರಿದವನು ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದು ಕೈಯನ್ನು ಬಳ್ಳಿಯತ್ತ ಚಾಚುತ್ತಾನೆ. ಆಗ ಮೈಯೆಲ್ಲ ಹೊಟ್ಟೆಯ ಹಿಡಿತದ ಮೇಲೇ ನಿಂತಿರುತ್ತದೆ. ಅಂಗಿ ಬಿಚ್ಚಿದ್ದರೆ ಗೆರೆಗಳನ್ನು ನೆಲದಿಂದಲೇ ಎಣಿಸಬಹುದು.

ಅಲ್ಲಿಂದ ಸುಲ್ತಾನ್ ಬತ್ತೇರಿಯ ಪೇಟೆಗೆ ಬನ್ನಿ. ಗುಂಡ್ಲುಪೇಟೆ ಕಡೆಯಿಂದ ತರಕಾರಿ ಹೊತ್ತು ಬಂದ ಲಾರಿಯ ಹಿಂದೆ ಹಮಾಲಿಗಳು ನಿಂತಿರುತ್ತಾರೆ. ಕೇರಳದಲ್ಲಿ ಈ ಕೆಲಸಗಾರರಿಗೆಂದೇ 1978ರಲ್ಲಿ ಕಾಯಿದೆ ಆಯಿತು. ಅವರದು ಸಂಘಟಿತ, ಗೌರವದ ದುಡಿಮೆ. 50 ಕಿಲೋ ಮೂಟೆಯನ್ನು ತಲೆಗೇರಿಸಿಕೊಂಡು ಮೆಟ್ಟಿಲು ಹತ್ತುವ ನಡುವಯಸ್ಸಿನ ಹಮಾಲಿಯ ಹೊಟ್ಟೆಯ ಮೇಲೆ ಬಹುಮಟ್ಟಿಗೆ ಒಂದು ಗೆರೆಯೂ ಕಾಣದು. ನಡು ದಪ್ಪ, ಮೇಲೆ ತುಸು ಮೆತ್ತಗೆ. ಆದರೆ ಮೂಟೆ ತಲೆಗೆ ಬರುವ ಕ್ಷಣದಲ್ಲಿ ಅವರು ಉಸಿರು ಹಿಡಿದು ಹೊಟ್ಟೆ ಬಿಗಿದರೆ ಅದು ಹೊನ್ನೆಯ ಹಲಗೆಯಾಗುತ್ತದೆ. ಹೊಟ್ಟೆಯೊಳಗಿನ ಆ ಒತ್ತಡವೇ ಬೆನ್ನುಮೂಳೆಯನ್ನು ಕಾಯುವುದು. ಅದನ್ನು ಹುಟ್ಟಿಸುವ ಒಳಪದರದ ಸ್ನಾಯುವನ್ನು ಯಾವ ಕನ್ನಡಿಯೂ ತೋರಿಸುವುದಿಲ್ಲ.

ನನ್ನ ಅಕ್ಕನ ಮನೆ ಬತ್ತೇರಿಯಲ್ಲಿ. ಮೈಸೂರು ಸೀಮೆಯಿಂದ ಹೋಗಿ ನೆಲೆಸಿದ ಕುಟುಂಬ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ಮಲಯಾಳ. ಆ ನೆಲಕ್ಕೆ ಇದೇನೂ ಹೊಸತಲ್ಲ. ಬತ್ತೇರಿಯ ಕಲ್ಲಿನ ಬಸದಿ, ಕಲ್ಪೆಟ್ಟ ಬಳಿಯ ಪುಳಿಯಾರ್‌ಮಲೆಯ ಅನಂತನಾಥ ಬಸದಿ ಇವೆಲ್ಲ ಕರ್ನಾಟಕದಿಂದ ಘಟ್ಟದ ಹಾದಿ ಹಿಡಿದು ಹೋದ ಜೈನರ ನೆನಪನ್ನು ಹೊತ್ತು ನಿಂತಿವೆ. ಅಕ್ಕನ ಮಗ ಕಾಲೇಜು ಹುಡುಗ, ಸಂಜೆ ಜಿಮ್ಮಿಗೆ ಹೋಗುತ್ತಾನೆ. 5 ಅಡಿ 9 ಅಂಗುಲ ಎತ್ತರ, 55 ಕಿಲೋ ತೂಕ. ಒಂದು ರಾತ್ರಿ ಊಟಕ್ಕೆ ಕೂತಾಗ ಅರ್ಧ ತಟ್ಟೆಯಲ್ಲೇ ಕೈ ತೊಳೆದ. ಅಕ್ಕ ಬೇಸರದಿಂದ ಒಳಗೆ ಹೋದಳು. ನಾನು ಕೇಳಿದೆ.

"ಮಾವ, ತೂಕ ಏರ್ಬೇಕು. ಎಲ್ರೂ ಕಡ್ಡಿ ಅಂತಾರೆ. ಆದ್ರೆ ಅನ್ನ ಜಾಸ್ತಿ ತಿಂದ್ರೆ ಈ ಪ್ಯಾಕ್ ಹೋಗ್ಬಿಡುತ್ತೆ."

ಅವನು ಅಂಗಿ ಎತ್ತಿ ತೋರಿಸಿದ. ಗೆರೆಗಳಿದ್ದವು, ನಿಜ. ಪಕ್ಕೆಲುಬುಗಳೂ ಇದ್ದವು.

ಈ ಪ್ರಶ್ನೆ ಅವನೊಬ್ಬನದಲ್ಲ. ಮೈಸೂರಿನ ಹುಡುಗರೂ ಮಂಗಳೂರಿನ ಹುಡುಗರೂ ಇದನ್ನೇ ಕೇಳುತ್ತಾರೆ, ಮತ್ತು ಇದು ಗಂಭೀರ ಪ್ರಶ್ನೆ ಎಂದೇ ನಾನು ತಿಳಿದಿದ್ದೇನೆ. ತನ್ನ ಮೈ ಚೆನ್ನಾಗಿರಬೇಕೆಂದು ಇಪ್ಪತ್ತರ ಹುಡುಗ ಬಯಸುವುದರಲ್ಲಿ ತಪ್ಪೇನಿದೆ? ನನಗೆ ಸಂಕಟವಾದದ್ದು ಆ ಆಸೆಯಿಂದಲ್ಲ. ಉಣ್ಣುವ ವಯಸ್ಸಿನಲ್ಲಿ ಅನ್ನದ ತಟ್ಟೆಗೆ ಅವನು ಹೆದರುತ್ತಿದ್ದನಲ್ಲ, ಅದರಿಂದ.

ಹೊಟ್ಟೆಯ ಮುಂಭಾಗದಲ್ಲಿ ಪಕ್ಕೆಲುಬಿನ ಕೆಳಗಿನಿಂದ ಕಿಬ್ಬೊಟ್ಟೆಯ ಎಲುಬಿನವರೆಗೆ ಎರಡು ಉದ್ದನೆಯ ಸ್ನಾಯುಪಟ್ಟಿಗಳಿವೆ. ವೈದ್ಯರ ಮಾತಿನಲ್ಲಿ ರೆಕ್ಟಸ್ ಅಬ್ಡಾಮಿನಿಸ್. ನಡುವೆ ಹೊಕ್ಕುಳದ ಮೂಲಕ ಬಿಳಿಯ ನಾರಿನ ಗೀಟು ಹಾದುಹೋಗುತ್ತದೆ. ಅಡ್ಡಲಾಗಿ ಸಾಮಾನ್ಯವಾಗಿ ಮೂರು ನಾರಿನ ಕಟ್ಟುಗಳು. ಈ ಕಟ್ಟುಗಳ ನಡುವೆ ಉಬ್ಬುವ ಮಾಂಸವೇ ಎಲ್ಲರೂ ಹೇಳುವ ಸಿಕ್ಸ್ ಪ್ಯಾಕ್. ಕಟ್ಟುಗಳ ಸಂಖ್ಯೆ, ಅವು ನೇರವೋ ಓರೆಯೋ, ಎಡಬಲ ಸಮವೋ ಅಲ್ಲವೋ, ಎಲ್ಲವೂ ಹುಟ್ಟಿನಿಂದ ಬಂದದ್ದು. ನಾಲ್ಕು ಇರುವವನು ಎಷ್ಟು ಬೆವರಿಳಿಸಿದರೂ ಎಂಟು ಆಗುವುದಿಲ್ಲ. ಬೇರೆಯವರ ಫೋಟೋ ನೋಡಿ ಕೊರಗುವ ಹುಡುಗರಿಗೆ ಇದನ್ನು ಮೊದಲ ದಿನವೇ ಹೇಳಬೇಕು.

ಗೆರೆ ಕಾಣುವುದಕ್ಕೆ ಎರಡು ಬೇಕು: ಕೆಳಗೆ ಮಾಂಸ ದಪ್ಪವಾಗಿರಬೇಕು, ಮೇಲೆ ಕೊಬ್ಬಿನ ಪದರ ತೆಳುವಾಗಿರಬೇಕು. ಗಂಡಸರಲ್ಲಿ ಮೈಯ ಕೊಬ್ಬು ನೂರಕ್ಕೆ 10ರಿಂದ 12ರ ಆಸುಪಾಸು ಇದ್ದಾಗ ಗೆರೆಗಳು ಸ್ಪಷ್ಟ. ಹೆಂಗಸರ ದೇಹಕ್ಕೆ ಪ್ರಕೃತಿಯೇ ಹೆಚ್ಚು ಕೊಬ್ಬು ಕೇಳುತ್ತದೆ. ಅದನ್ನು ತೀರಾ ಇಳಿಸಿದರೆ ಮುಟ್ಟು ನಿಲ್ಲುತ್ತದೆ, ಎಲುಬು ಸವೆಯುತ್ತದೆ. ಹೊಟ್ಟೆಗೆ ಮಾತ್ರ ಕಸರತ್ತು ಮಾಡಿ ಹೊಟ್ಟೆಯ ಕೊಬ್ಬನ್ನು ಮಾತ್ರ ಕರಗಿಸುವುದು ಯಾರಿಂದಲೂ ಆಗದು. ದೇಹ ತನಗೆ ಬೇಕಾದ ಕಡೆಯಿಂದ ಕೊಬ್ಬು ತೆಗೆದುಕೊಳ್ಳುತ್ತದೆ; ಬಹಳಷ್ಟು ಗಂಡಸರಲ್ಲಿ ಹೊಕ್ಕುಳದ ಕೆಳಗಿನದು ಕೊನೆಗೆ ಹೋಗುತ್ತದೆ.

ನನ್ನ ಸೋದರಳಿಯನಲ್ಲಿ ಇದ್ದದ್ದು ಎರಡನೆಯದು ಮಾತ್ರ, ಮೇಲಿನ ತೆಳು ಪದರ. ಕೆಳಗೆ ಮಾಂಸವಿರಲಿಲ್ಲ. ಅವನ ಗೆರೆಗಳು ಕೊರತೆಯ ಗೆರೆಗಳು. ಮಾಂಸ ದಪ್ಪವಾಯಿತೆನ್ನಿ, ಆಗ ಮೇಲೆ ಕೊಬ್ಬು ತುಸು ಏರಿದರೂ ಉಬ್ಬುತಗ್ಗು ಅಳಿಯುವುದಿಲ್ಲ. ಹಾಗಾಗಿ ತೂಕ ಏರಿಸುತ್ತಲೇ ಗೆರೆ ಉಳಿಸಿಕೊಳ್ಳುವುದು ಸಾಧ್ಯವೇ ಎಂದರೆ, ಸಾಧ್ಯ. ತೆಳ್ಳಗಿರುವ ಹೊಸಬನಿಗೆ ಅದು ಎಲ್ಲರಿಗಿಂತ ಸುಲಭ. ಆದರೆ ನಿಧಾನವಾಗಬೇಕು. ದಿನಕ್ಕೆ 300 ಕ್ಯಾಲೊರಿಯಷ್ಟು ಹೆಚ್ಚು ಊಟ, ತಿಂಗಳಿಗೆ ಹೆಚ್ಚೆಂದರೆ ಒಂದು ಕಿಲೋ ಏರಿಕೆ. ಇದಕ್ಕಿಂತ ಬೇಗ ಏರಿದ್ದರಲ್ಲಿ ಬಹುಪಾಲು ಕೊಬ್ಬೇ. ಹೊಟ್ಟೆಯನ್ನೂ ತೋಳಿನ ಹಾಗೆಯೇ ಭಾರ ಕೊಟ್ಟು ಬೆಳೆಸಬೇಕು: ಕಂಬಿಗೆ ಜೋತುಬಿದ್ದು ಕಾಲೆತ್ತುವುದು, ಎದೆಗೆ ಪ್ಲೇಟ್ ಹಿಡಿದು ಮೇಲೇಳುವುದು. ಚಾಪೆಯ ಮೇಲೆ ನೂರಾರು ಕ್ರಂಚಸ್ ಎಣಿಸುವುದಕ್ಕಿಂತ ಅದು ಮೇಲು. ಜೊತೆಗೆ ಸ್ಕ್ವಾಟ್, ಡೆಡ್‌ಲಿಫ್ಟ್. ಹಮಾಲಿಯ ನಡುವನ್ನು ಕಟ್ಟಿದ್ದು ಅದೇ ಎತ್ತುವ ಇಳಿಸುವ ಕೆಲಸವಲ್ಲವೇ?

ಇನ್ನು ಪ್ರೋಟೀನ್. ಭಾರ ಎತ್ತುವವರಿಗೆ ಮೈತೂಕದ ಕಿಲೋಗೆ ದಿನಕ್ಕೆ 1.6 ಗ್ರಾಂ ಸಾಕು. ಅದರಾಚೆ ಹೆಚ್ಚು ತಿಂದರೆ ಹೆಚ್ಚು ಮಾಂಸ ಬರುವುದಿಲ್ಲವೆಂದು 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದರು. 55 ಕಿಲೋ ಹುಡುಗನಿಗೆ 88 ಗ್ರಾಂ. ಅಕ್ಕನ ಅಡುಗೆಮನೆಯಲ್ಲೇ ಲೆಕ್ಕ ಹಾಕಿದೆವು. ನಾಲ್ಕು ಮೊಟ್ಟೆ, 24. ಅರ್ಧ ಲೀಟರ್ ಹಾಲು, 16. ಬೆಳಗಿನ ಪುಟ್ಟಿನ ಜೊತೆಯ ಕಡಲೆ, ರಾತ್ರಿಯ ಹುರುಳಿ ಸೇರಿ ನೂರು ಗ್ರಾಂ ಕಾಳು, 20. ಒಂದು ಹಿಡಿ ಕಡಲೆಕಾಯಿ ಬೀಜ, 7. ಅನ್ನ, ರಾಗಿಯಿಂದ ಮಿಕ್ಕದ್ದು ತಾನಾಗಿ ಬರುತ್ತದೆ. ಅಕ್ಕ ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡಳು. "ಇದಕ್ಕಾ ಅವ್ನು ಮೂರು ಸಾವಿರದ ಡಬ್ಬಿ ಕೇಳ್ತಿದ್ದಿದ್ದು?" ಎಂದಳು. ಮರಗೆಣಸಿನ ವಿಷಯಕ್ಕೆ ಮಾತ್ರ ನಾನು ಎಚ್ಚರ ಹೇಳಿದೆ. ವಯನಾಡಿನಲ್ಲಿ ಕಪ್ಪ ಎಂದರೆ ಎಲ್ಲರಿಗೂ ಪ್ರಾಣ. ಶಕ್ತಿ ಬೇಕಾದಷ್ಟು ಕೊಡುತ್ತದೆ, ಪ್ರೋಟೀನ್ ನೂರು ಗ್ರಾಮಿಗೆ ಒಂದರ ಸುತ್ತ. ಅದರೊಡನೆ ಮೀನೋ ಮೊಟ್ಟೆಯೋ ಕಾಳೋ ಇರಲೇಬೇಕು. ನೇಂದ್ರಬಾಳೆ, ಗಂಧಕಶಾಲ ಅಕ್ಕಿಯ ಅನ್ನ ಇವಕ್ಕೆ ಯಾವ ಹುಡುಗನೂ ಹೆದರಬೇಕಿಲ್ಲ. ಇಂಥ ನಾಡತಳಿಯ ಭತ್ತಗಳನ್ನು ಐವತ್ತಕ್ಕೂ ಹೆಚ್ಚು ಬಗೆಯಲ್ಲಿ ಉಳಿಸಿಕೊಂಡು ಬಂದ ಕುರಿಚ್ಯ ಸಮುದಾಯದ ರೈತ ಚೆರುವಯಲ್ ರಾಮನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅಂಥ ಅನ್ನ ಮನೆಯ ಮುಂದೆಯೇ ಬೆಳೆಯುವಾಗ ಅದನ್ನು ಅರ್ಧಕ್ಕೆ ಬಿಡುವುದನ್ನು ನನ್ನಿಂದ ಸಹಿಸಲಾಗದು.

ಅನ್ನಕ್ಕೆ ಹೆದರುವುದು ಆ ಜಿಲ್ಲೆಯಲ್ಲಿ ಹೊಸ ಸಂಗತಿ. ಅನ್ನ ಸಿಗದಿರುವುದು ಹಳೆಯದು. ಮಾನಂದವಾಡಿ ಬಳಿಯ ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ಪಣಿಯ, ಅಡಿಯ ಜನರನ್ನು ಜಮೀನುದಾರರು ಮುಂಗಡ ಕೊಟ್ಟು ವರ್ಷದ ದುಡಿಮೆಗೆ ಗೊತ್ತುಮಾಡಿಕೊಳ್ಳುತ್ತಿದ್ದ ಕಾಲವಿತ್ತು. ದೇವಿಯ ಮುಂದೆ ಆದ ಒಪ್ಪಂದ ಮುರಿಯುವ ಧೈರ್ಯ ಯಾರಿಗೂ ಇರಲಿಲ್ಲ. ಕೂಲಿ ಭತ್ತದಲ್ಲಿ, ಅದೂ ಹೊಟ್ಟೆ ತುಂಬುವಷ್ಟಲ್ಲ. ಜೀತವನ್ನು ಕಾನೂನು ನಿಷೇಧಿಸಿದ್ದು 1976ರಲ್ಲಿ. ಅಂದು ಆ ಗದ್ದೆಗಳಲ್ಲಿ ಬಗ್ಗಿ ದುಡಿದವರ ಹೊಟ್ಟೆಯ ಮೇಲೂ ಗೆರೆಗಳಿದ್ದವು, ಇಂದಿನ ಮೆಣಸಿನ ಏಣಿಯ ಮೇಲೂ ಕೆಲವರಲ್ಲಿ ಅವೇ ಇವೆ. ಅವನ್ನು ಕಂಡು ಎಂಥ ಮೈಕಟ್ಟು ಎಂದು ಬೆರಗಾಗುವವರು ಆ ಮನೆಯ ಒಲೆಯ ಮೇಲೇನಿದೆ ಎಂದೂ ಕೇಳಬೇಕು.

ತೆಳ್ಳಗೇ ಇರಬೇಕಾದ ಮೈಗಳೂ ಇವೆ, ಮರೆಯಬಾರದು. ಬತ್ತೇರಿ ಕಡೆಯ ಮ್ಯಾರಥಾನ್ ಓಟಗಾರ ಟಿ. ಗೋಪಿ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 2 ಗಂಟೆ 15 ನಿಮಿಷದಲ್ಲಿ ಓಡಿ 25ನೆಯವರಾದರು. ಮರುವರ್ಷ ಏಷ್ಯನ್ ಮ್ಯಾರಥಾನ್ ಚಾಂಪಿಯನ್‌ಷಿಪ್ ಗೆದ್ದರು. 42 ಕಿಲೋಮೀಟರು ಹೊತ್ತು ಓಡಬೇಕಾದ ಮೈ ಹಗುರವಾಗಿರಬೇಕು. ಅದು ಓಟ ಕಡೆದ ಮೈ, ಓಟಕ್ಕಾಗಿ ಉಂಡ ಮೈ.

ಸಣಕಲಾಗಿದ್ದ ಮಾತ್ರಕ್ಕೆ ಕೊಬ್ಬು ಕಡಿಮೆ ಎಂದೂ ಅಲ್ಲ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಗೆಳೆಯ ಯೂಡ್ಕಿನ್ ತಮ್ಮಿಬ್ಬರನ್ನೇ ಅಳೆದುಕೊಂಡು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಯೂಡ್ಕಿನ್ನರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ಅವರಲ್ಲಿ 21.2. ನಮ್ಮ ನಾಡಿನ ಅನೇಕರ ಮೈ ಹೀಗೆಯೇ: ಕೈಕಾಲು ಕಡ್ಡಿ, ಹೊಟ್ಟೆ ಮುಂದೆ. ಆದ್ದರಿಂದ ತೂಕ ಏರಿಸುವವನು ತಕ್ಕಡಿಯನ್ನಷ್ಟೇ ನಂಬಬಾರದು. ದರ್ಜಿಯ ಟೇಪು ಹೆಚ್ಚು ನಿಜ ಹೇಳುತ್ತದೆ. ತೂಕ ಏರುತ್ತ ಎದೆ, ತೊಡೆ ಬೆಳೆದು ಸೊಂಟ ಬಹುಮಟ್ಟಿಗೆ ನಿಂತಲ್ಲೇ ನಿಂತಿದ್ದರೆ ದಾರಿ ಸರಿ. ಸೊಂಟವೇ ಮುಂದೋಡುತ್ತಿದ್ದರೆ ಊಟ ತುಸು ಹಿಡಿಯಬೇಕು. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ದಾಟಿದ ಸೊಂಟ ಸಕ್ಕರೆ ಕಾಯಿಲೆಯ ಮುನ್ಸೂಚನೆ.

ಕನ್ನಡಿಗರಿಗೆ ಈ ವಿದ್ಯೆ ಹೊರಗಿನಿಂದ ಬರಬೇಕಾಗಿರಲಿಲ್ಲ. ಮೈಸೂರಿನ ಗರಡಿಮನೆಗಳ ಪೈಲ್ವಾನರು ದಂಡ, ಬಸ್ಕಿ ಹೊಡೆದು, ಗದೆ ತಿರುಗಿಸಿ, ಹಾಲು ಬಾದಾಮಿ ತುಪ್ಪ ಉಂಡು ಮೈ ಬೆಳೆಸಿದರು; ಹೊಟ್ಟೆಯ ಗೆರೆಯನ್ನು ಅವರು ಕೇಳಲಿಲ್ಲ, ಎದುರಾಳಿಯನ್ನು ಎತ್ತುವ ಬಲವನ್ನು ಕೇಳಿದರು. ಗೆರೆಯನ್ನೂ ಕೇಳಿದವರು ಕೆ.ವಿ. ಅಯ್ಯರ್. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವೆಂದು ನಾವು ಅವರನ್ನು ಓದುತ್ತೇವೆ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದ, 1930ರಲ್ಲೇ ಸ್ನಾಯು ಬೆಳೆಸುವ ಬಗೆಗೆ ಇಂಗ್ಲಿಷಿನಲ್ಲಿ ಪುಸ್ತಕ ತಂದ ಅಯ್ಯರ್ ಇವರೇ ಎಂಬುದು ಹೊಸ ತಲೆಮಾರಿನ ಎಷ್ಟು ಹುಡುಗರಿಗೆ ಗೊತ್ತು? 1937ರಲ್ಲಿ ಸೂರ್ಯನಮಸ್ಕಾರದ ಮೇಲೂ ಬರೆದರು. ಪಶ್ಚಿಮದ ಬಾರ್ಬೆಲ್ಲನ್ನೂ ನಮ್ಮ ನಮಸ್ಕಾರವನ್ನೂ ಒಂದೇ ಮೈಯಲ್ಲಿ ಕೂಡಿಸಿದವರು ಅವರು. ಅವರ ಹಳೆಯ ಚಿತ್ರಗಳಲ್ಲಿ ನಡುವಿನ ಒಂದೊಂದು ಎಳೆಯೂ ಬಿಡಿಯಾಗಿ ಕಾಣುತ್ತದೆ, ಆದರೂ ಆ ಮೈ ಬಡಕಲಲ್ಲ. ಭುಜ, ಎದೆ, ತೊಡೆ ಎಲ್ಲವೂ ತುಂಬಿವೆ. ತೂಕವೂ ಗೆರೆಯೂ ಒಟ್ಟಿಗೆ ಬರಬಹುದೆನ್ನುವುದಕ್ಕೆ ಬೇರೆ ಸಾಕ್ಷಿ ನನಗೆ ಬೇಡ. ಮಾಂಸ ವರ್ಷಗಳ ಲೆಕ್ಕದಲ್ಲಿ ಬೆಳೆಯುತ್ತದೆ, ಜಾಹೀರಾತಿನ ಆರು ವಾರಗಳಲ್ಲಿ ಅಲ್ಲ.

ಸೋದರಳಿಯ ಈಗ ಪೂರ್ತಿ ಉಣ್ಣುತ್ತಾನೆ. ಮೇಲಿನ ನಾಲ್ಕು ಗೆರೆ ಉಳಿದಿವೆ, ಕೆಳಗಿನದು ಮಸುಕಾಗಿದೆ, ತೋಳು ಅಂಗಿಯ ತುಂಬ ಬಂದಿದೆ. ಎಲ್ಲರ ವಿಷಯ ಇಷ್ಟು ಸಲೀಸಲ್ಲ. ಎಷ್ಟು ಉಂಡರೂ ತೂಕ ಹತ್ತದ, ನಾಲ್ಕು ಹೆಜ್ಜೆಗೆ ದಣಿಯುವ, ಮಳೆಗಾಲದಲ್ಲಿ ಕೈಕಾಲು ನೋವೆಂದು ನರಳುವ ಹುಡುಗ ಹುಡುಗಿಯರು ವಯನಾಡಿನಲ್ಲಿ ಇದ್ದಾರೆ. ಅಲ್ಲಿನ ಆದಿವಾಸಿ ಸಮುದಾಯಗಳಲ್ಲಿ ಮತ್ತು ವಯನಾಡನ್ ಚೆಟ್ಟಿ ಕುಟುಂಬಗಳಲ್ಲಿ ಕುಡಗೋಲು ಕಣ ರಕ್ತಹೀನತೆ ತಲೆಮಾರುಗಳಿಂದ ಇದೆ. ಅದನ್ನು ಹುಡುಕಿ ಹಿಡಿಯಲೆಂದೇ ದೇಶದಲ್ಲಿ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನ ಆರಂಭವಾಯಿತು. ಈ ಕಾಯಿಲೆಯ ಮೈಗೆ ನೀರಿಲ್ಲದ ಬೆವರು, ಮಿತಿಮೀರಿದ ಕಸರತ್ತು ಅಪಾಯ ತರುತ್ತವೆ. ಜಿಮ್ ನಡೆಸುವವರಲ್ಲಿ, ಅಪ್ಪ ಅಮ್ಮಂದಿರಲ್ಲಿ ನನ್ನ ಬೇಡಿಕೆ ಇಷ್ಟು: ಅಂಥ ಮಗುವಿಗೆ ಪೌಡರ್ ಡಬ್ಬಿ ಕೊಡಿಸುವ ಮೊದಲು, ಭಾರ ಎತ್ತಿಸುವ ಮೊದಲು, ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಒಂದು ರಕ್ತಪರೀಕ್ಷೆ ಮಾಡಿಸಿ.