ಪಿಗ್ಮಿಯೂ ಪಾಯಿಂಟೂ

ನಮ್ಮ ಉಡುಪಿ ಕಡೆಯವರಿಗೆ ದುಡ್ಡಿನ ಮಾತಾಡಲು ಮುಜುಗರವಿಲ್ಲ. ಮದುವೆಮನೆಯಲ್ಲಿ ಎಲೆ ಹಾಕುವ ಮೊದಲೇ ಯಾವ ಸೊಸೈಟಿಯಲ್ಲಿ ಬಡ್ಡಿ ಎಷ್ಟುಂಟು ಎಂಬುದು ಇತ್ಯರ್ಥವಾಗಿರುತ್ತದೆ. ಇದು ಮಣ್ಣಿನ ಗುಣವಿರಬೇಕು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಬ್ಯಾಂಕಿನ ಬೀಜ ಬಿತ್ತಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು 5,000 ರೂಪಾಯಿ ಬಂಡವಾಳದಲ್ಲಿ ಹುಟ್ಟುಹಾಕಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಮೂವರೂ ಸೇರಿ, ಕಸುಬು ಕುಸಿದು ಕಂಗೆಟ್ಟಿದ್ದ ನೇಕಾರರಿಗೆ ಆಸರೆಯಾಗಲೆಂದು 8,000 ರೂಪಾಯಿ ಹಾಕಿ ಇನ್ನೊಂದು ಬ್ಯಾಂಕು ತೆರೆದರು. ಅದೇ ಮುಂದಿನ ಸಿಂಡಿಕೇಟ್ ಬ್ಯಾಂಕ್. ಇಷ್ಟೆಲ್ಲ ಬ್ಯಾಂಕು ಹೆತ್ತ ಊರಿನಲ್ಲಿ ಹುಟ್ಟಿದ ನನಗೆ, ಐವತ್ತು ದಾಟಿದ ಮೇಲೆ, ಕ್ರೆಡಿಟ್ ಕಾರ್ಡಿನ ಪಾಯಿಂಟು ಕೂಡಿಹಾಕಿ ವಿಮಾನ ಹತ್ತುವ ಹುಚ್ಚು ಹಿಡಿಯಿತು.

ಕೂಡಿಹಾಕುವುದು ನನಗೆ ಹೊಸದಲ್ಲ. ಸಿಂಡಿಕೇಟಿನವರು 1928ರಲ್ಲಿ ಶುರುಮಾಡಿದ ಪಿಗ್ಮಿ ಠೇವಣಿಯ ನೆರಳಲ್ಲೇ ನಾನು ಬೆಳೆದದ್ದು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವವರ ಮನೆಬಾಗಿಲಿಗೆ ಬ್ಯಾಂಕೇ ಬಂದು ದಿನಕ್ಕೆ 2 ಆಣೆ ಇಸಿದುಕೊಂಡು ಹೋಗುವ ಏರ್ಪಾಡು ಅದು. ದಿನವೂ ತಪ್ಪದೆ ಕಟ್ಟಿದರೆ ವರ್ಷಕ್ಕೆ 45 ರೂಪಾಯಿ 10 ಆಣೆ ಅಸಲು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಕಾಪು ಹತ್ತಿರದ ನಮ್ಮ ಮನೆಯ ಹಿತ್ತಿಲಲ್ಲಿ ಮಲ್ಲಿಗೆ ಗಿಡಗಳಿದ್ದವು. ಅಮ್ಮ ಬೆಳಗಾಗುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಶಂಕರಪುರದ ಕಟ್ಟೆಗೆ ಕಳಿಸುತ್ತಿದ್ದಳು. ಸಂಜೆ ಪಿಗ್ಮಿಯವರು ಸೈಕಲ್ಲಿನಲ್ಲಿ ಬಂದು ಜಗಲಿಯಲ್ಲಿ ಕುಳಿತು ನೀರು-ಬೆಲ್ಲ ಮುಗಿಸಿ ಪುಸ್ತಕ ಬಿಚ್ಚುತ್ತಿದ್ದರು. ಹೂವಿಗೆ ರೇಟು ಬಿದ್ದ ದಿನವೂ ಅಮ್ಮ ಅವರನ್ನು ಬರಿಗೈಯಲ್ಲಿ ಕಳಿಸಿದ್ದಿಲ್ಲ. ನನ್ನ ಕಾಲೇಜು ಫೀಸು, ಅಕ್ಕನ ಕಿವಿಯ ಬೆಂಡೋಲೆ ಎಲ್ಲ ಆ ಪುಸ್ತಕದಿಂದಲೇ ಎದ್ದು ಬಂದವು.

ಕಾರ್ಡಿನ ಉಪದೇಶ ಮಾಡಿದವನು ಮಣಿಪಾಲದಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಕ್ಕನ ಮಗ. "ಮಾವ, ನೀವು ಮೆಸ್ಕಾಂ ಬಿಲ್ಲು, ಇನ್ಶೂರೆನ್ಸು, ಜೀನಸು ಎಲ್ಲ ಕ್ಯಾಶು ಕೊಟ್ಟು ಬರ್ತೀರಲ್ಲ, ಅದ್ರಲ್ಲೇ ಸಿಂಗಾಪುರದ ಅರ್ಧ ದಾರಿ ಹೋಯ್ತು" ಎಂದ. ಹೇಗೂ ಆಗುವ ಖರ್ಚನ್ನು ಕಾರ್ಡಿನಲ್ಲಿ ಮಾಡುವುದು, ನೂರಕ್ಕೋ ನೂರೈವತ್ತಕ್ಕೋ ಇಷ್ಟು ಎಂದು ಬರುವ ಪಾಯಿಂಟನ್ನು ವಿಮಾನ ಕಂಪನಿಯ ಖಾತೆಗೆ ಮೈಲುಗಳಾಗಿ ವರ್ಗ ಮಾಡುವುದು, ಮೈಲು ಕೊಟ್ಟು ಟಿಕೇಟು ಪಡೆಯುವುದು: ವಿದ್ಯೆ ಇಷ್ಟೆ. ಇದನ್ನು ಅಮ್ಮನಿಗೆ ವಿವರಿಸಿದಾಗ ಅವಳು ಹೂ ಕಟ್ಟುವುದನ್ನು ನಿಲ್ಲಿಸಿ ಕೇಳಿದಳು, "ಖರ್ಚು ಮಾಡಿದ್ದಕ್ಕೆ ಬ್ಯಾಂಕಿನವರು ಇನಾಮು ಕೊಡ್ತಾರಾ? ಅವರಿಗೆ ತಲೆ ಸರಿ ಉಂಟಾ ಮಾರಾಯ?"

ತಲೆ ಸರಿಯೇ ಇತ್ತು, ಬಹಳ ಸರಿಯಿತ್ತು. 1978ರಲ್ಲಿ ಅಮೆರಿಕ ಸರ್ಕಾರ ವಿಮಾನ ದರದ ಮೇಲಿನ ಹಿಡಿತ ಬಿಟ್ಟಿತು. ಕಂಪನಿಗಳು ಒಂದರ ಗಿರಾಕಿಯನ್ನು ಇನ್ನೊಂದು ಎಳೆಯಲು ಶುರುಮಾಡಿದವು. ಗಿರಾಕಿ ಕಾಲು ಕೀಳದಂತೆ ಕಟ್ಟಿಹಾಕಲು ಅಮೆರಿಕನ್ ಏರ್‌ಲೈನ್ಸ್ 1981ರ ಮೇ 1ರಂದು, ಹಾರಿದ ಮೈಲಿಗಿಷ್ಟು ಎಂದು ಲೆಕ್ಕವಿಟ್ಟು ಪುಕ್ಕಟೆ ಟಿಕೇಟು ಕೊಡುವ ಯೋಜನೆ ತಂದಿತು. ಯುನೈಟೆಡ್ ಏರ್‌ಲೈನ್ಸ್ ಕೆಲವೇ ದಿನಗಳಲ್ಲಿ ಅದನ್ನು ಹಿಂಬಾಲಿಸಿತು. 1987ರಲ್ಲಿ ಸಿಟಿಬ್ಯಾಂಕಿನ ಕಾರ್ಡು ಅದಕ್ಕೆ ಜೋಡಿಕೊಂಡ ಮೇಲೆ ಮೈಲು ಗಳಿಸಲು ಹಾರಲೇಬೇಕೆಂದಿರಲಿಲ್ಲ, ಅಂಗಡಿಗೆ ಹೋದರೂ ಸಾಕಿತ್ತು. ಬ್ಯಾಂಕು ವಿಮಾನ ಕಂಪನಿಯಿಂದ ಮೈಲುಗಳನ್ನು ದುಡ್ಡು ಕೊಟ್ಟು ಸಗಟಾಗಿ ಕೊಳ್ಳುತ್ತದೆ. ಆ ದುಡ್ಡನ್ನು ಅಂಗಡಿಯವನು ಕೊಡುವ ಕಮಿಷನ್ನಿನಿಂದಲೂ ಬಿಲ್ಲು ಬಾಕಿ ಉಳಿಸಿಕೊಂಡವರ ಬಡ್ಡಿಯಿಂದಲೂ ಎತ್ತುತ್ತದೆ. ಈ ವ್ಯಾಪಾರ ಎಷ್ಟು ಗಟ್ಟಿಯೆಂದರೆ, 2020ರಲ್ಲಿ ಕೊರೊನಾ ಬಂದು ವಿಮಾನಗಳು ನೆಲ ಹಿಡಿದಾಗ ಯುನೈಟೆಡ್ ಕಂಪನಿ ತನ್ನ ಮೈಲು ಯೋಜನೆಯನ್ನೇ ಅಡವಿಟ್ಟು ಸಾಲ ಎತ್ತಿತು. ಬಂಗಾರ ಅಡವಿಟ್ಟು ಗೊತ್ತಿರುವ ನಮ್ಮ ಜಿಲ್ಲೆಯವರಿಗೆ ಇದರ ಮರ್ಮ ಬೇಗ ಹೊಳೆದೀತು.

ಕಂಪನಿಯನ್ನೇ ಮಣಿಸಿದ ಜಾಣರೂ ಇದ್ದಾರೆ. 1999ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಎಂಜಿನಿಯರ್, ಪುಡ್ಡಿಂಗ್ ಡಬ್ಬಿಯ ಲೇಬಲ್ಲಿಗೆ ಸಿಗುವ ಮೈಲಿನ ಬೆಲೆ ಪುಡ್ಡಿಂಗಿಗಿಂತ ಹೆಚ್ಚೆಂದು ಲೆಕ್ಕ ಹಾಕಿ, 12,000ಕ್ಕೂ ಹೆಚ್ಚು ಡಬ್ಬಿ ಕೊಂಡ. ಲೇಬಲ್ಲು ಕೀಳಲು ಒಂದು ಧರ್ಮಸಂಸ್ಥೆಯವರನ್ನು ಒಪ್ಪಿಸಿದ, ಕೂಲಿಯಾಗಿ ಪುಡ್ಡಿಂಗನ್ನು ಅವರಿಗೇ ದಾನ ಮಾಡಿದ. ಸುಮಾರು 3,000 ಡಾಲರಿಗೆ ಅವನಿಗೆ 12 ಲಕ್ಷಕ್ಕೂ ಮಿಕ್ಕಿ ಮೈಲು ಬಂತು.

ಆದರೆ ಎಲ್ಲರೂ ಅವನಾಗಲಾರರು. ಕಾರ್ಕಳದ ನನ್ನ ಭಾವನನ್ನೇ ನೋಡಿ. ವರ್ಷದೊಳಗೆ ಇಷ್ಟು ಖರ್ಚಾದರೆ ಇಷ್ಟು ಪಾಯಿಂಟು ಹೆಚ್ಚಿಗೆ ಎಂದು ಅವರ ಕಾರ್ಡಿನವರು ಆಸೆ ತೋರಿಸಿದರು. ಮೊತ್ತ ತುಸು ಕಡಿಮೆ ಬಿತ್ತೆಂದು ಭಾವ ಮಾರ್ಚಿ ತಿಂಗಳಲ್ಲಿ ಇನ್ನೊಂದು ಫ್ರಿಜ್ಜು ತಂದರು. ಉಟ್ಟ ಬಟ್ಟೆಯನ್ನೂ ಬಿಟ್ಟ 42 ಅಡಿಯ ಗೊಮ್ಮಟ 1432ರಿಂದ ಗುಡ್ಡದ ಮೇಲೆ ನಿಂತಿರುವ ಊರಿನಲ್ಲಿ ಮನೆಗೆರಡು ಫ್ರಿಜ್ಜು! "ಮೊಸರಿಗೆ ಒಂದು, ಮೀನಿಗೆ ಒಂದು" ಎಂದು ಭಾವ ಸಮರ್ಥಿಸಿದರು. ಅಕ್ಕ ಮಾತಾಡಲಿಲ್ಲ.

ಮೋಜಿನ ಮಾತು ಬದಿಗಿಟ್ಟು ಲೆಕ್ಕಕ್ಕೆ ಬರೋಣ. ನೂರು ರೂಪಾಯಿಗೆ 2 ಪಾಯಿಂಟು, ಪಾಯಿಂಟಿಗೆ 1 ರೂಪಾಯಿ ಬೆಲೆ ಎಂದೇ ಇಟ್ಟುಕೊಳ್ಳಿ. 50,000 ಖರ್ಚಿಗೆ ಕೈಗೆ ಬರುವುದು 1,000. ಆ ಬಿಲ್ಲನ್ನು ಕಟ್ಟದೆ ಬಿಟ್ಟರೆ, ತಿಂಗಳಿಗೆ ಶೇ. 3.5ರಂತೆ ಬಡ್ಡಿ 1,750, ಅದರ ಮೇಲೆ ಶೇ. 18 ಜಿಎಸ್‌ಟಿ 315, ಒಟ್ಟು 2,065. ಒಂದೇ ತಿಂಗಳಲ್ಲಿ ಇನಾಮಿನ ಇಮ್ಮಡಿ ಕೈಬಿಟ್ಟಿತು. ಬಾಕಿ ಉಳಿಸಿಕೊಂಡ ಬಡಪಾಯಿಯೇ ಪೂರ್ತಿ ಕಟ್ಟಿದವನ ವಿಮಾನಕ್ಕೆ ಎಣ್ಣೆ ಹಾಕುತ್ತಾನೆ.

ಮೈಲಿನ ಬೆಲೆಯಾದರೂ ನಿಂತಲ್ಲಿ ನಿಲ್ಲುತ್ತದೆಯೇ? ಶಂಕರಪುರದ ಮಲ್ಲಿಗೆಯ ಹಾಗೆ ಅದಕ್ಕೂ ದಿನಕ್ಕೊಂದು ದರ. ಮದುವೆಯ ಸೀಸನ್ನಿನಲ್ಲಿ ಹೂವಿನ ಅಟ್ಟೆಯ ರೇಟು ಏರುವಂತೆ, ಮಕ್ಕಳಿಗೆ ರಜೆ ಬಂದ ಕೂಡಲೇ ಟಿಕೇಟಿಗೆ ಬೇಕಾದ ಮೈಲೂ ಏರುತ್ತದೆ. ಕಂಪನಿಯೇ ಮುಚ್ಚಿದರೆ ಕೇಳುವುದೇ ಬೇಡ. ಕಿಂಗ್‌ಫಿಷರ್ ವಿಮಾನಗಳು 2012ರ ಅಕ್ಟೋಬರಿನಲ್ಲಿ ನಿಂತವು, ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಕೊನೆಯ ಸಲ ಹಾರಿತು. ನಮ್ಮ ಬ್ಯಾಂಕುಗಳೂ ಉಳಿಯಲಿಲ್ಲವೆನ್ನಿ. 2020ರ ಏಪ್ರಿಲ್ 1ರಂದು ಸಿಂಡಿಕೇಟು ಕೆನರಾದಲ್ಲಿಯೂ ಕಾರ್ಪೊರೇಷನ್ನು ಯೂನಿಯನ್ ಬ್ಯಾಂಕಿನಲ್ಲಿಯೂ ಕರಗಿದವು. ಆದರೆ ಬೋರ್ಡು ಬದಲಾದರೂ ಠೇವಣಿಯ ಒಂದು ಪೈಸೆಯೂ ಕರಗಲಿಲ್ಲ. ಹಣಕ್ಕೂ ಪಾಯಿಂಟಿಗೂ ಇರುವ ವ್ಯತ್ಯಾಸ ಇಷ್ಟೆ.

ಇಷ್ಟು ಗೊತ್ತಿದ್ದೂ ನಾನು ಪಾಯಿಂಟು ಕೂಡಿಸಿದೆ, ಅಮ್ಮನನ್ನು ಸಿಂಗಾಪುರಕ್ಕೆ ಕರೆದುಕೊಂಡು ಹೋದೆ. ಪುಕ್ಕಟೆ ಅಂದರೂ ತೆರಿಗೆ ಕಟ್ಟಬೇಕು, ವೀಸಾ ಮಾಡಿಸಬೇಕು, ಕಾಪುವಿನಿಂದ ಬೆಂಗಳೂರಿಗೆ ಬಸ್ಸು ಹತ್ತಬೇಕು, ಸಿಂಗಾಪುರದಲ್ಲಿ ಕಾರ್ಡು ಉಜ್ಜಿದಾಗಲೆಲ್ಲ ವಿದೇಶಿ ವಿನಿಮಯದ ಶುಲ್ಕ ತೆರಬೇಕು. ಅದಕ್ಕೆಲ್ಲ ದುಡ್ಡು ಹೊಂದಿಕೆಯಾದದ್ದು ಅಮ್ಮ ಈಗಲೂ ಊರಿನ ಸೊಸೈಟಿಗೆ ಕಟ್ಟುವ ಪಿಗ್ಮಿಯಿಂದ. ಸಂಗ್ರಾಹಕರ ಕೈಯಲ್ಲಿ ಈಗ ಪುಸ್ತಕದ ಬದಲು ಚೀಟಿ ಉಗುಳುವ ಯಂತ್ರವಿದೆ, ನೀರು-ಬೆಲ್ಲದ ಬದಲು ಚಾ. ಸಿಂಗಾಪುರದ ಸೆರಂಗೂನ್ ರಸ್ತೆಯ ಹೂವಿನಂಗಡಿ ಮುಂದೆ ಅಮ್ಮ ನಿಂತಳು. ಗಗನಚುಂಬಿ ಕಟ್ಟಡಗಳಿಗೆ ತೋರದ ಆಸಕ್ತಿಯನ್ನು ಮಲ್ಲಿಗೆ ಮಾಲೆಗೆ ತೋರಿ, ರೇಟು ಕೇಳಿ, ರೂಪಾಯಿಗೆ ತಿರುಗಿಸಿ, "ನಾರಲ್ಲಿ ಕಟ್ಟಿದ್ದೂ ಅಲ್ಲ, ನೂಲಲ್ಲಿ! ಇದಕ್ಕೆ ಇಷ್ಟಾ?" ಎಂದಳು. ಕೊಳ್ಳಲಿಲ್ಲ. ಕಾರ್ಡು ಕಂಪನಿಗಳು ಅತಿ ಹೆಚ್ಚು ಹೆದರಬೇಕಾದದ್ದು ಇಂಥವರಿಗೆ.

ಆದ್ದರಿಂದ ಓದುಗ ಮಹಾಶಯರೆ, ಪಾಯಿಂಟಿನಲ್ಲಿ ಲೋಕ ಸುತ್ತುವ ಆಸೆಯಿದ್ದರೆ ಸುತ್ತಿ, ತಪ್ಪೇನಿಲ್ಲ. ಕಾರ್ಡಿಗೆ ಅರ್ಜಿ ಹಾಕುವ ಮೊದಲು ಮಾತ್ರ ಒಂದು ವರ್ಷ ಪಿಗ್ಮಿ ಕಟ್ಟಿ ನೋಡಿ. ಒಂದು ದಿನವೂ ತಪ್ಪದೆ ಕಟ್ಟಿದಿರೋ, ಕಾರ್ಡು ನಿಮಗೆ ಒಗ್ಗುತ್ತದೆ. "ನಾಳೆ ಬನ್ನಿ" ಎಂದು ಸಂಗ್ರಾಹಕರನ್ನು ಬಾಗಿಲಿನಿಂದಲೇ ಕಳಿಸಿದಿರೋ, ಪಾಯಿಂಟಿನ ಗೋಜಿಗೆ ಹೋಗಬೇಡಿ. ಅದಕ್ಕಿಂತ ದುಡ್ಡು ಕೊಟ್ಟೇ ಟಿಕೇಟು ತೆಗೆಯಿರಿ, ಅಗ್ಗವಾಗುತ್ತದೆ.