ಕೂಲರಿನ ನೀರು

ಥರ್ಮಾಮೀಟರು ಜ್ವರ ಎಷ್ಟೆಂದು ಹೇಳುತ್ತದೆ, ಏಕೆ ಬಂತೆಂದು ಹೇಳುವುದಿಲ್ಲ. ಮಕ್ಕಳನ್ನು ಸಾಕಿದ ಯಾವ ತಾಯಿಗೂ ಇದು ಗೊತ್ತು. ಕಾಳಿ ನದಿ ದಂಡೆಯ ಕೈಗಾ ಅಣು ವಿದ್ಯುತ್ ಸ್ಥಾವರದ ಸುದ್ದಿ ನೆನಪಾದಾಗಲೆಲ್ಲ ನನಗೆ ಹೊಳೆಯುವುದು ಇದೇ ಮಾತು.

ಅಲ್ಲಿನ ರಿಯಾಕ್ಟರುಗಳಲ್ಲಿ ಭಾರಜಲವಿರುತ್ತದೆ. ಅದು ನ್ಯೂಟ್ರಾನುಗಳ ವೇಗ ತಗ್ಗಿಸುತ್ತದೆ. ಕೆಲವನ್ನು ಹೀರಿಕೊಂಡಾಗ ಟ್ರಿಟಿಯಂ ಎಂಬ ವಿಕಿರಣ ವಸ್ತು ಹುಟ್ಟುತ್ತದೆ. ಅದಕ್ಕೆಂದೇ ನೌಕರರ ಮೂತ್ರವನ್ನು ಆಗಾಗ ಪರೀಕ್ಷಿಸುತ್ತಾರೆ. 2009ರ ನವೆಂಬರ್ 24ರಂದು ಹಲವರಲ್ಲಿ ಟ್ರಿಟಿಯಂ ಮಾಮೂಲಿಗಿಂತ ಹೆಚ್ಚಾಗಿ ಕಂಡಿತು. ರಿಯಾಕ್ಟರು ಸೋರಿರಬೇಕೆಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಸೋರಿಕೆ ಇರಲಿಲ್ಲ. ಹುಡುಕುತ್ತ ಹೋದಾಗ ಸಿಕ್ಕಿದ್ದು ಕುಡಿಯುವ ನೀರಿನ ಒಂದು ಕೂಲರು! ಒಳಗಿನವರೇ ಯಾರೋ ಬೇಕೆಂದೇ ಅದರಲ್ಲಿ ಭಾರಜಲ ಬೆರೆಸಿದ್ದರೆಂದು ಅಧಿಕಾರಿಗಳು ಹೇಳಿದರು.

ಇಂಥವರಿಗೆ ಚಿಕಿತ್ಸೆಯೆಂದರೆ ಹೆಚ್ಚು ಹೆಚ್ಚು ನೀರು ಕುಡಿಸಿ ಟ್ರಿಟಿಯಂ ಮೂತ್ರದಲ್ಲಿ ಹೋಗುವಂತೆ ಮಾಡುವುದು. ನೀರಿನಿಂದ ಬಂದದ್ದಕ್ಕೆ ನೀರೇ ಮದ್ದು. ಆದರೆ ಮುರಿದ ನಂಬಿಕೆಗೆ?

ನಮ್ಮ ಬೀಳಗಿಯಲ್ಲಿ ಮಕ್ಕಳು ಆಡಿ ದಣಿದು ಬಂದು, ಯಾರನ್ನೂ ಕೇಳದೆ ಕೊಡದ ನೀರು ಮೊಗೆದು ಕುಡಿಯುತ್ತಾರೆ. ಕೈಗಾದ ನೌಕರರು ಕುಡಿದದ್ದೂ ಅದೇ ಭರವಸೆಯಿಂದ. ಅಳತೆಯ ಯಂತ್ರ ಸುಳ್ಳು ಹೇಳಲಿಲ್ಲ. ಕೆಟ್ಟಿದ್ದುದು ಯಾರದೋ ಮನಸ್ಸು. ಅದನ್ನು ಅಳೆಯುವ ಯಂತ್ರ ಅಲ್ಲಿರಲಿಲ್ಲ.